ಗುಡುಗಪ್ಪನ ಗೋಡೆ

ನಮ್ಮ ಮಾವನನ್ನು ಬೀದಿಯವರು ಗುಡುಗಪ್ಪ ಎನ್ನುತ್ತಿದ್ದರು. ಆ ಹೆಸರು ಅವನ ಎಂಜಿನ್ನಿಗೆ ಬಂದದ್ದೋ ಗಂಟಲಿಗೋ ಎಂದು ಕೇಳಿದರೆ ಎರಡಕ್ಕೂ ಎನ್ನಬೇಕು. ಕರೆಂಟು ಹೋದಾಗ ಅಂಗಡಿ ಬೀದಿಗೆಲ್ಲ ದೀಪ ಕೊಡುತ್ತಿದ್ದುದು ಅವನ ಡೀಸೆಲ್ ಜನರೇಟರ್. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಿಂದ ಪ್ರತಿ ಅಂಗಡಿಗೂ ವೈರು ಎಳೆದಿದ್ದ. ಅದರ ಪಕ್ಕ ನಿಂತು ನಿಂತು ಕಿವಿ ಹೋಗಿತ್ತು. ಅವನು ಗುಟ್ಟು ಹೇಳಿದರೆ ಪಕ್ಕದ ಬೀದಿಗೂ ಕೇಳುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಈ ಮಾವ ಮತ್ತು ಅತ್ತೆ. ಅವರಿಗೆ ಬೇರೆ ಮಕ್ಕಳಿರಲಿಲ್ಲ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಎಂಜಿನ್ ಓಡುವಾಗ ಕೂಗಿದರೆ ಮಾವನಿಗೆ ಎಲ್ಲಿ ಕೇಳಬೇಕು? ಅದಕ್ಕೆ ಅತ್ತೆ ತನ್ನದೇ ದಾರಿ ಕಂಡುಕೊಂಡಿದ್ದಳು. ಕರೆಂಟು ಬಂದರೆ ಅಡುಗೆಮನೆಯಲ್ಲಿ ಪುಟ್ಟ ಕೆಂಪು ಬಲ್ಬು ಹತ್ತುತ್ತಿತ್ತು. ಅದು ಹತ್ತಿದ್ದೇ ತಡ, ಲಟ್ಟಣಿಗೆಯಿಂದ ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ಆಚೆ ಮಾವ ಗೋಡೆಗೆ ಅಂಗೈ ಊರಿಕೊಂಡೇ ಕೂತಿರುತ್ತಿದ್ದ. ಬಡಿದದ್ದು ಅಂಗೈಗೆ ತಿಳಿದರೆ ಹಿಡಿಕೆ ಎಳೆದು ಎಂಜಿನ್ ನಿಲ್ಲಿಸುತ್ತಿದ್ದ.

"ಆಫ್ ಮಾಡು ಅಂತ ದೇವ್ರೇ ಬಂದು ಹೇಳ್ಲಿ, ಅವಳು ತಟ್ಟದೆ ನಾನು ಮಾಡಲ್ಲ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಅದೇ ಗೋಡೆಯ ಕಿಟಕಿಯಿಂದ ಹೊಗೆಯೂ ಒಳಗೆ ಬರುತ್ತಿತ್ತು. ಅತ್ತೆಗೆ ಕೆಮ್ಮು ಹಿಡಿಯಿತು. ಡಾಕ್ಟರು ಹೊಗೆಯ ಮಾತೆತ್ತಿದ ದಿನವೇ ಮಾವ, ಯಾರಿಗೂ ಹೇಳದೆ, ಸೋಲಾರ್ ಅಂಗಡಿಗೆ ಹೋಗಿಬಂದ. ಅವತ್ತು ಒಂದೇ ದಿನ ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು.

"ಆ ದುಡ್ಡಿಗೆ ಇನ್ನೊಂದ್ ಮನೆ ಬರುತ್ತೆ ಕಣೇ."

ಅತ್ತೆ "ಹೋಗ್ಲಿ ಬಿಡಿ, ಕೆಮ್ಮು ಯಾರಿಗೆ ಬರಲ್ಲ?" ಎಂದಳು. ಮಾವ ಕೈಲಾದದ್ದು ಮಾಡಿದ. ಹೊಗೆಯ ಕೊಳವೆಯನ್ನು ಚಾವಣಿಗಿಂತ ಮೇಲಕ್ಕೆ ಎತ್ತರಿಸಿದ.

ಆಮೇಲೆ ವರ್ಷ ವರ್ಷವೂ ಡೀಸೆಲ್ ಏರಿತು, ಸೋಲಾರ್ ಇಳಿಯಿತು. ಮೊದಲು ಬೇಕರಿಯವನು ಮಾವನ ವೈರು ಬಿಚ್ಚಿಸಿದ, ಹಿಂದೆಯೇ ಫೋಟೊ ಸ್ಟುಡಿಯೊದವನು. ನಾನು ಬಟ್ಟೆ ಹೊಲಿಯುವ ಅಂಗಡಿಯ ಯಜಮಾನಿಯೂ ಬಿಚ್ಚಿಸಿದಳು. "ಬೇಜಾರಾಗ್ಬೇಡ. ಒಂದ್ಸಲ ಹಾಕಿಸಿದ್ರೆ ಆಯ್ತು, ಬಿಸಿಲೇನು ಬಿಲ್ ಕಳಿಸುತ್ತಾ?" ಎಂದಳು. ಅವಳ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಹಾಗಂತ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಮಾವನ ಹೊಟ್ಟೆಪಾಡು ಹೋಯಿತು. ಆದರೆ ಅವನು ಮರುಗಿದ್ದು ಅದಕ್ಕಲ್ಲ. ಬೆಲೆ ಕೈಗೆಟಕುವಷ್ಟು ಇಳಿಯುವ ಹೊತ್ತಿಗೆ ಅತ್ತೆ ಮೂಗಿಗೆ ನಳಿಗೆ ಹಾಕಿಕೊಂಡು, ಹಾಸಿಗೆಯ ಪಕ್ಕದ ಆಕ್ಸಿಜನ್ ಯಂತ್ರವನ್ನೇ ನಂಬಿ ಬದುಕುತ್ತಿದ್ದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು. ಆದರೂ ಸೋಲಾರ್ ಹಾಕಿಸಿದ. ಕೊಳವೆಯ ನೆರಳು ಫಲಕದ ಮೇಲೆ ಬೀಳಬಾರದು ಎಂದು ಸೋಲಾರಿನವನು ಹೇಳಿದ್ದಕ್ಕೆ, ತಾನೇ ಏಣಿ ಹತ್ತಿ ಅದನ್ನು ಬುಡದವರೆಗೆ ಕತ್ತರಿಸಿದ. ಎಂಜಿನ್ನನ್ನು ಗುಜರಿಯವನಿಗೆ ಕೊಡುವ ಮಾತಾಯಿತು. ಅವನು ಬಂದು ಒಯ್ಯುವುದೊಂದು ಬಾಕಿ.

ಮೊದಲ ಸಲ ಕರೆಂಟು ಹೋದಾಗ ಅತ್ತೆಯ ಯಂತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಅತ್ತೆ ನಕ್ಕಳು. "ಎಷ್ಟ್ ನಿಶ್ಶಬ್ದ! ಗಡಿಯಾರ ಓಡೋದು ಕೇಳಿಸ್ತಿದೆ ನೋಡು."

"ಏನಂತೆ?" ಎಂದು ಮಾವ ಗುಡುಗಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಹಾಗೆ ನಕ್ಕದ್ದು ಅದೇ ಕೊನೆ.

ಅದಾದ ಮೂರನೆಯ ದಿನ ಮಧ್ಯಾಹ್ನ. ಮಾವ ಶೆಡ್ಡಿನಲ್ಲಿ ಎಂಜಿನ್ನಿನ ಧೂಳು ಒರೆಸುತ್ತಿದ್ದನಂತೆ. ಎದುರಿನ ಮೆಡಿಕಲ್ ಅಂಗಡಿಯ ಬೋರ್ಡಿನ ದೀಪ ಆರಿತು. ಅಭ್ಯಾಸದಂತೆ ಅಂಗೈ ಗೋಡೆಗೆ ಹೋಯಿತು. ಗೋಡೆ ನಡುಗುತ್ತಿರಲಿಲ್ಲ. ಇಡೀ ಆಯಸ್ಸು ಅವನಿಗೆ ನಡುಗುವ ಗೋಡೆ ಎಂದರೆ ದೀಪ ಇದೆ, ನಡುಗದ ಗೋಡೆ ಎಂದರೆ ಕತ್ತಲೆ. ಚಾವಣಿಯ ಮೇಲಿನದು ಸದ್ದಿಲ್ಲದೆ, ನಡುಕವಿಲ್ಲದೆ ದುಡಿಯುತ್ತದೆ ಎನ್ನುವುದು ತಲೆಗೆ ಹೊಕ್ಕಿತ್ತು, ಕೈಗೆ ಹೊಕ್ಕಿರಲಿಲ್ಲ. ಅತ್ತೆಯ ಯಂತ್ರ ನಿಂತಿತೆಂದುಕೊಂಡು ಎಂಜಿನ್ ಹಚ್ಚಿಬಿಟ್ಟ. ಹಚ್ಚಿ, ಅಂಗೈಯನ್ನು ಗೋಡೆಗೆ ಊರಿ, ಅವಳು ತಟ್ಟಲಿ ಎಂದು ಕೂತ.

ಬುಡದಲ್ಲೇ ಕತ್ತರಿಸಿದ ಕೊಳವೆಯಿಂದ ಹೊಗೆಯೆಲ್ಲ ಕಿಟಕಿಗೆ ನುಗ್ಗಿತು. ಅಂಗಡಿಯಲ್ಲಿದ್ದ ನಾನು ಎಂಜಿನ್ನಿನ ಸದ್ದು ಕೇಳಿ, ಹೊಲಿಗೆ ಬಿಟ್ಟು ಓಡಿದೆ. ಅಡುಗೆಮನೆಯ ತುಂಬ ಹೊಗೆ. ಅತ್ತೆ ಹಾಸಿಗೆ ಬಿಟ್ಟು ಎದ್ದು, ಗೋಡೆಯವರೆಗೂ ಬಂದು ಕುಸಿದಿದ್ದಳು. ಲಟ್ಟಣಿಗೆ ಕೈಯಲ್ಲೇ ಇತ್ತು. ಒಳಕೋಣೆಯಲ್ಲಿ ಯಂತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಇವತ್ತಲ್ಲ ನಾಳೆ ಆಗುವುದೇ ಇತ್ತು, ಪುಪ್ಪಸದಲ್ಲಿ ಏನೂ ಉಳಿದಿರಲಿಲ್ಲ ಎಂದರು ಡಾಕ್ಟರು. ಅದನ್ನು ಮಾವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಅವನಿಗೆ ಕೇಳಿಸಿತು. ಆದರೂ ಒಂದೇ ಮಾತು ಹೇಳಿದ.

"ಅವಳು ತಟ್ಟಲಿಲ್ಲ ಕಣೇ. ತಟ್ಟಿದ್ರೆ ನಿಲ್ಲಿಸ್ತಿರಲಿಲ್ವಾ ನಾನು?"

ಗುಜರಿಯವನು ಎಂಜಿನ್ ಒಯ್ದ. ಈಗ ನಮ್ಮ ಮನೆಯಲ್ಲಿ ದೀಪ ಆರುವುದೆಂಬುದೇ ಇಲ್ಲ. ಯಾರಿಗೆ ಬೇಕಿತ್ತು ಈ ಬೆಳಕು ಎಂದು ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ.

ನಿನ್ನೆ ಸಂಜೆ ಬೀದಿಯ ಕರೆಂಟು ಹೋಯಿತು. ಮಾವ ಎದ್ದು ಖಾಲಿ ಶೆಡ್ಡಿಗೆ ಹೋಗಿ, ಗೋಡೆಗೆ ಅಂಗೈ ಊರಿ ಕೂತ. ಊಟಕ್ಕೆ ಕರೆದೆ, ಏಳಲಿಲ್ಲ. ತೋಳು ಹಿಡಿದು ಎಳೆದೆ, ಆಗಲೂ ಏಳಲಿಲ್ಲ. ಬೈದೆ, ಕಣ್ಣೀರಿಟ್ಟೆ. ಕೊನೆಗೆ ಒಳಗೆ ಬಂದು ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಎರಡು ಸಲ ಬಡಿದೆ.

ಕಿಟಕಿಯಿಂದ ಇಣುಕಿದೆ. ಮಾವನ ಬಲಗೈ ಮೇಲೆದ್ದು, ಇಲ್ಲದ ಎಂಜಿನ್ನಿನ ಹಿಡಿಕೆಯನ್ನು ಕೆಳಗೆ ಎಳೆಯಿತು. ಆಮೇಲೆ ಕೈಯೊರೆಸಿಕೊಂಡು ಊಟಕ್ಕೆ ಬಂದ.