ಕಪ್ಪು ಅಂಚಿನೊಳಗೆ ಸ್ಟಾಮೆನ್‌ನ ಹನ್ನೊಂದು ಹಾಡು

ಸ್ಟಾಮೆನ್ ರಾದುಲೊವ್ ಡ್ಯಾನ್ಯೂಬ್ ದಂಡೆಯ ನಮ್ಮ ಊರಿನಲ್ಲಿ ನೀರಿನ ಮೀಟರು ಓದುವವನು. ಮದುವೆ, ನಾಮಕರಣಗಳಲ್ಲಿ ಗಿಟಾರು ಹಿಡಿದು ಹಾಡುವವನೂ ಅವನೇ. ಎಲ್ಲರಿಗೂ ಗೊತ್ತಿರುವ ಹಳೆಯ ಹಾಡು ಎತ್ತಿದರೆ ಜನ ಮೇಜು ಕುಟ್ಟಿ ಕುಣಿಯುತ್ತಿದ್ದರು. ತಾನೇ ಬರೆದದ್ದನ್ನು ಶುರು ಮಾಡಿದನೋ, ಎರಡನೇ ಚರಣ ಮುಗಿಯುವುದರೊಳಗೆ ಯಾರಾದರೊಬ್ಬರು "ಅದನ್ನ ಬಿಡಪ್ಪಾ, ಗೊತ್ತಿರೋದು ಹಾಡು" ಎನ್ನದೆ ಇರುತ್ತಿರಲಿಲ್ಲ. ಮೂವತ್ತು ವರ್ಷ ಹೀಗೇ ನಡೆಯಿತು. ಒಂದೇ ಒಂದು ಸ್ವಂತ ಹಾಡನ್ನು ನಾಲ್ಕು ಜನರೆದುರು ಕೊನೆಯವರೆಗೆ ಹಾಡಬೇಕು, ಇಷ್ಟೇ ಅವನ ಆಸೆ. ಇದೇನು ದೊಡ್ಡ ಆಸೆಯೇ? ನಮ್ಮ ಊರಿನಲ್ಲಿ ದೊಡ್ಡದೇ.

ಐವತ್ತನಾಲ್ಕನೇ ವಯಸ್ಸಿಗೆ ಅವನು ಹಟ ಹಿಡಿದು, ಅಡುಗೆಮನೆ ಬಾಗಿಲಿಗೆ ಕಂಬಳಿ ಕಟ್ಟಿ, ಒಬ್ಬನೇ ಕೂತು ಒಂದು ಆಲ್ಬಂ ರೆಕಾರ್ಡ್ ಮಾಡಿದ. ಆರು ಸ್ವಂತದ್ದು, ಐದು ಹಳೆಯವು. ಹಳೆಯವು ಜನರಿಗೆ ಕೊಟ್ಟ ಲಂಚ. ಹೆಂಡತಿ ಝೋರ್ನಿತ್ಸಾಳಿಗೆ, ಅಷ್ಟು ದಿನ ಒಲೆಯ ಹತ್ತಿರ ಹೋಗಲಾಗಲಿಲ್ಲ ಎಂಬುದನ್ನು ಬಿಟ್ಟರೆ, ಆಲ್ಬಂ ಬಗ್ಗೆ ಏನೂ ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭಾಭವನದಲ್ಲಿ ಬಿಡುಗಡೆ ಎಂದು ಗೊತ್ತುಮಾಡಿ, ಪೋಸ್ಟರಿನ ಕೆಲಸವನ್ನು ಗಾನ್ಕಾಳಿಗೆ ಒಪ್ಪಿಸಿ, ಗಂಡ ಹೆಂಡತಿ ಹಳ್ಳಿಗೆ ದ್ರಾಕ್ಷಿ ಬಿಡಿಸಲು ಹೋದರು.

ಊರಿನಲ್ಲಿ ಅಚ್ಚಿನ ಅಂಗಡಿ ಅಂತ ಇರುವುದು ಗಾನ್ಕಾಳದ್ದೊಂದೇ. ಅವಳ ದಿನದ ಕೆಲಸ ಸಾವಿನ ಚೀಟಿ. ಸತ್ತವರ ಫೋಟೋ, ಹೆಸರು, ವಯಸ್ಸು, ಸುತ್ತ ಕಪ್ಪು ಅಂಚು. ಮನೆ ಬಾಗಿಲು, ಕರೆಂಟು ಕಂಬ, ಬಸ್ ನಿಲ್ದಾಣ, ಎಲ್ಲೆಲ್ಲೂ ಅದನ್ನು ಅಂಟಿಸುತ್ತಾರೆ. ನಮ್ಮವರು ಪತ್ರಿಕೆ ಓದುವುದನ್ನು ಬಿಟ್ಟಾರು, ಕಂಬ ಓದುವುದನ್ನು ಬಿಡರು.

ಶನಿವಾರ ಬೆಳಿಗ್ಗೆ ಮರಳಿ ಬಂದಾಗ ಮನೆ ಬಾಗಿಲಿಗೆ ಯಾರೋ ಕಪ್ಪು ರಿಬ್ಬನ್ನು ಕಟ್ಟಿದ್ದರು. ಅದರ ಕೆಳಗೆ, ಕಪ್ಪು ಅಂಚಿನೊಳಗೆ, ಸ್ಟಾಮೆನ್ ಹಲ್ಲು ಬಿಟ್ಟು ನಗುತ್ತಿದ್ದ. ಪಕ್ಕದ ಮನೆಯ ತ್ಸೋಂಕಾ ಅಜ್ಜಿ ಸತ್ತವರ ಹೆಸರಿನಲ್ಲಿ ಹಂಚುವ ಸಕ್ಕರೆ ಗೋಧಿಯ ಬಟ್ಟಲು ಹಿಡಿದು ಹೊರಟಿದ್ದಳು.

"ಏನೋ ಸ್ಟಾಮೆನ್, ಇನ್ನೂ ಇಲ್ಲೇ ಇದೀಯಾ? ಹನ್ನೊಂದಕ್ಕೆ ನಿಂದೇ ಅಲ್ವೇನೋ!"

"ಅಜ್ಜಿ, ನಾನು ಸತ್ತಿಲ್ಲ."

"ಅದನ್ನ ಗಾನ್ಕಾ ಹತ್ರ ಹೇಳು. ನಾನು ಗೋಧಿ ಬೇಯ್ಸಾಯ್ತು."

ಅವನು ಓಡಿ ಹೋಗಿ ಜಗಳ ತೆಗೆದರೆ ಗಾನ್ಕಾ ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡಳು. "ಕಪ್ಪಂಚು ಇಲ್ದಿದ್ರೆ ಈ ಊರಲ್ಲಿ ಯಾವನು ಓದ್ತಾನಪ್ಪಾ? ಹೋದ್ ವರ್ಷ ಮೇಯರ್ ಭಾಷಣಕ್ಕೆ ಬಣ್ಣದ್ದು ಮಾಡ್ಕೊಟ್ಟೆ. ಅವ್ನ ಹೆಂಡ್ತೀನೂ ಬರ್ಲಿಲ್ಲ. ಹೋಗಿ ನೋಡು ಈಗ, ಕುರ್ಚಿ ಸಾಲ್ದೆ ನಿಂತಿದಾರೆ."

ಸಭಾಭವನ ನಿಜವಾಗಿಯೂ ಕಿಕ್ಕಿರಿದಿತ್ತು. ಎಲ್ಲರ ಕೈಯಲ್ಲೂ, ಸಾವಿಗೆ ತರಬೇಕಾದಂತೆ, ಜೋಡಿ ಲೆಕ್ಕದ ಹೂವು. ಸ್ಟಾಮೆನ್ ವೇದಿಕೆ ಹತ್ತಿ, ತಾನು ಬದುಕಿದ್ದೇನೆ ಎಂದು ಮೂರು ಸಲ ಹೇಳಿದ. ಒಬ್ಬರೂ ಏಳಲಿಲ್ಲ. ಸಂತೆ ಬಿಟ್ಟು, ಕಪ್ಪು ಬಟ್ಟೆ ಇಸ್ತ್ರಿ ಮಾಡಿಕೊಂಡು ಬಂದವರು ಅಷ್ಟು ಸುಲಭಕ್ಕೆ ಏಳುತ್ತಾರೆಯೇ? ಸೂಕ್ಷ್ಮ ಮನಸ್ಸಿನ ಒಂದಿಬ್ಬರು ಒಂದು ಹೂವನ್ನು ಕಿತ್ತು ಜೇಬಿಗಿಟ್ಟು, ಬದುಕಿರುವವರಿಗೆ ಕೊಡುವಂತೆ ಬೆಸ ಮಾಡಿಕೊಂಡರು.

"ಇರ್ಲಿ ಬಿಡೋ, ಬಂದಿದ್ದಾಯ್ತಲ್ಲ, ಶುರು ಮಾಡು" ಎಂದು ತ್ಸೋಂಕಾ ಅಜ್ಜಿ ಮುಂದಿನ ಸಾಲಿನಿಂದ ಅಪ್ಪಣೆ ಕೊಟ್ಟಳು.

ಅವನು ಸ್ವಂತದ್ದನ್ನೇ ಎತ್ತಿದ. ಎರಡನೇ ಚರಣ ಬಂತು. ಹಿಂದೆ ಯಾರೋ ಬಾಯಿ ತೆರೆದವನು ತನ್ನ ಕಪ್ಪು ಟೈ ನೋಡಿಕೊಂಡು ಮುಚ್ಚಿಕೊಂಡ. ಶೋಕದ ಬಟ್ಟೆಯಲ್ಲಿ ಕೂಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೂರನೇ ಚರಣ ಶುರುವಾಯಿತು. ಸ್ಟಾಮೆನ್‌ನ ಗಿಟಾರು ನಿಲ್ಲಲಿಲ್ಲ. ಹಾಡು ಮುಗಿದಾಗ ಅರ್ಧ ಸಭೆ ಅಳುತ್ತಿತ್ತು.

ಗೋಡೆ ಪಕ್ಕ ನಿಂತಿದ್ದ ಝೋರ್ನಿತ್ಸಾ ಜನರನ್ನು ಸರಿಸಿಕೊಂಡು ವೇದಿಕೆಯವರೆಗೆ ಬಂದಳು.

"ಕೊನೇಲಿ ನನ್ನ ಹೆಸರು ಬಂತಲ್ಲ. ಯಾವಾಗ ಬರ್ದಿದ್ದು ಇದು?"

"ನಮ್ ಮದ್ವೆಗೆ ಒಂದು ವಾರ ಮುಂಚೆ."

"ಇಷ್ಟು ವರ್ಷ ಯಾಕೆ ಹಾಡ್ಲಿಲ್ಲ ನಂಗೆ?"

"ಮದ್ವೆ ದಿನಾನೇ ಹಾಡ್ದೆ. ಅರ್ಧಕ್ಕೆ ನೀನೇ ಎದ್ದು ನಿಲ್ಸಿದ್ದು, ಕುಣೀಬೇಕು ಅಂತ."