ಕಥೆ ಕೇಳಿಸಲೆಂದು ನಿಲ್ಲಿಸಿದ ಫ್ಯಾನು

ಆ ದಿನ ಜೀಪಿನ ಫ್ಯಾನು ನಿಲ್ಲಿಸಿದವನು ನಾನು. ಕೊಟ್ರೇಶಿಯ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಇಷ್ಟನ್ನು ಹೇಳುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು — ಯಾರು ಸಿಕ್ಕರೂ ಕೂರಿಸಿಕೊಂಡು ಕಥೆ ಹೇಳುವ ನನಗೆ.

ಜೀಪಿನಲ್ಲಿ ಯಾರಿದ್ದರು ಎಂದು ಮೊದಲು ಹೇಳಿಬಿಡುತ್ತೇನೆ. ಸ್ಟಿಯರಿಂಗ್ ಹಿಡಿದವನು ನಾನು. ಪಕ್ಕದಲ್ಲಿ ನನ್ನ ಅಕ್ಕ ಗಿರಿಜಕ್ಕ, ಮಡಿಲಲ್ಲಿ ಎಲೆ ಅಡಿಕೆಯ ತಟ್ಟೆ. ಹಿಂದೆ ಅವಳ ಗಂಡ ಬಸವಣ್ಯಪ್ಪ ಭಾವ, ಅವರ ಮಗ, ಮತ್ತು ನನ್ನ ಹೆಂಡತಿಯ ಅಣ್ಣನ ಮಗ ಕೊಟ್ರೇಶಿ. ಅಕ್ಕನ ಮಗನಿಗೆ ಜಗಳೂರಿನಲ್ಲಿ ಹೆಣ್ಣು ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆಂದು ನ್ಯಾಮತಿಯಿಂದ ಹೊರಟಿದ್ದೆವು.

ಕೊಟ್ರೇಶಿ ಗಾಡಿಗಳ ಎಲೆಕ್ಟ್ರಿಷಿಯನ್. ನ್ಯಾಮತಿಯಲ್ಲಿ ತಗಡಿನದೊಂದು ಅಂಗಡಿ. ನನ್ನದು ಹಳೆಯ ಡೀಸೆಲ್ ಜೀಪು. ಅದರ ಫ್ಯಾನನ್ನು ಇಂಜಿನ್ನೇ ತಿರುಗಿಸುತ್ತಿತ್ತು; ಗಾಡಿ ನಿಧಾನವಾದರೆ ಅದೂ ನಿಧಾನ, ರೇಡಿಯೇಟರಿನಲ್ಲಿ ನೀರು ಕುದಿಯುವುದೊಂದೇ ಜೋರು. ಹೊನ್ನಾಳಿ ಸಂತೆಯ ಗದ್ದಲದ ನಡುವೆ ಬಾನೆಟ್ ಎತ್ತಿಕೊಂಡು ನಿಂತು ನಿಂತು ನನಗೆ ರೋಸಿಹೋಗಿತ್ತು. ಕೊಟ್ರೇಶಿ ಆ ಫ್ಯಾನು ಬಿಚ್ಚಿ ಪಕ್ಕಕ್ಕಿಟ್ಟು, ಕಾರಿನದೊಂದು ಕರೆಂಟ್ ಫ್ಯಾನು ಕೂರಿಸಿದ. ನೀರು ಕಾದಾಗ ತಾನಾಗಿಯೇ ತಿರುಗುವ ಹಾಗೆ ವೈರ್ ಎಳೆದ.

"ಮಾವ, ಬಿಸಿಲಲ್ಲ, ಬೆಂಕಿ ಮ್ಯಾಲೆ ಓಡಿಸ್ರಿ. ಕಾದ್ರೆ ನನ್ ಮೀಸೆ ಬೋಳಿಸ್ತೀನಿ" ಎಂದು ಅಂಗಡಿಯ ಮುಂದಿದ್ದವರಿಗೆಲ್ಲ ಕೇಳುವ ಹಾಗೆ ಬೀಗಿದ.

ನಾನೇ ಹಟ ಹಿಡಿದು ಸ್ಟಿಯರಿಂಗ್ ಕೆಳಗೆ ಒಂದು ಸ್ವಿಚ್ ಹಾಕಿಸಿದೆ. ಗಾಡಿ ನಿಲ್ಲಿಸಿದ ಮೇಲೂ ಫ್ಯಾನು ತಿರುಗಿ ಬ್ಯಾಟರಿ ತಿಂದೀತು ಎಂಬ ಅನುಮಾನ ನನಗೆ.

"ಬ್ಯಾಡ್ರಿ ಮಾವ, ನಿಮ್ ಕೈ ಸುಮ್ನಿರಲ್ಲ" ಎಂದ. ಆದರೂ ಹಾಕಿಕೊಟ್ಟ — ಕೇಳಿದವನು ನಾನಲ್ಲವೇ.

ನಮ್ಮ ಮನೆತನದಲ್ಲೊಂದು ರೂಢಿ. ದೂರದ ದಾರಿಯಲ್ಲಿ ಗಾಡಿ ಹೊಡೆಯುವವನೇ ಕಥೆ ಹೇಳಬೇಕು. ಅಜ್ಜ ಬಂಡಿ ಹೊಡೆಯುತ್ತ ಹೇಳುತ್ತಿದ್ದ. ಅವನ ಬೆನ್ನ ಹಿಂದೆ ಕೂತೇ ನಾನು ಮಾತು ಕಲಿತದ್ದು. ದಾವಣಗೆರೆ ದಾಟಿದ ಮೇಲೆ ರಸ್ತೆ ತುಂಬ ಹುಲ್ಲು ಹೇರಿದ ಟ್ರಾಕ್ಟರೊಂದು ಮುಂದೆ ಸಿಕ್ಕಿತು. ದಾಟಲು ಜಾಗವಿಲ್ಲ, ಅದರ ಹಿಂದೆ ತೆವಳುತ್ತಿದ್ದೆವು. ಅಜ್ಜ ತನಗೆ ಹೆಣ್ಣು ಕೊಟ್ಟ ಮಾವನನ್ನೇ ಕಳ್ಳನೆಂದು ತಿಳಿದು ಕಂಬಕ್ಕೆ ಕಟ್ಟಿದ ಕಥೆ ಹೇಳುತ್ತಿದ್ದೆ — ಸರಿಯಾಗಿ ಹಗ್ಗ ಬಿಗಿಯುವ ಹೊತ್ತಿಗೆ ಫ್ಯಾನು ಭರ್ರೆಂದು ಶುರುವಾಯಿತು.

"ಏನಂದಿ? ಕೇಳ್ಲಿಲ್ಲ" ಎಂದಳು ಗಿರಿಜಕ್ಕ.

"ಜೋರಾಗಿ ಹೇಳೋ ಮಾರಾಯ, ಹಿಂದಕ್ಕೆ ಬರೀ ಗಾಳಿ ಸದ್ದು ಬರಾಕತ್ತೈತೆ" ಎಂದರು ಭಾವ.

ನನ್ನ ಕೈ ಕೆಳಗೆ ಹೋಯಿತು. ಟಪ್. ಎರಡು ಮಾತು ಮುಗಿಸಿ ಮತ್ತೆ ಹಾಕಿದರಾಯಿತು ಎಂದು —

ಕಥೆ ಮುಗಿಯಿತು, ನಗು ಮುಗಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವನು ಕೊಟ್ರೇಶಿ. ಆ ನಗುವಿನ ಹುರುಪಿಗೆ ನಾನು ಇನ್ನೊಂದು ಕಥೆ ಎತ್ತಿಕೊಂಡೆ.

ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಾಗ ನೆನಪಾಯಿತು. ಗಾಡಿ ನಿಲ್ಲುವ ಮೊದಲೇ ನನ್ನ ಬೆರಳು ಸ್ವಿಚ್ ಒತ್ತಿಬಿಟ್ಟಿತ್ತು. ಯಾರೂ ನೋಡಲಿಲ್ಲ. ಕೊಟ್ರೇಶಿ ಇಳಿದು ಓಡಿಬಂದು ಬಾನೆಟ್ ಎತ್ತಿದಾಗ ಫ್ಯಾನು ಪೂರಾ ಜೋರಿನಲ್ಲಿ ತಿರುಗುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತ.

"ತಿರುಗ್ತಾ ಐತಲ್ಲ ಮಾವ... ಮತ್ಯಾಕೆ ಹಿಂಗೆ ಕಾದೈತೆ?"

ಆಗ ನಾನು ಹೇಳಿದ ಮಾತು — ಇದೊಂದನ್ನು ಬರೆಯಲಾರದೆ ಇಷ್ಟು ಸುತ್ತಿ ಬಂದೆ — "ನಿನ್ ಫ್ಯಾನಿನ ಗಾಳಿ ಸಾಲ್ದು ಕಣೋ."

"ಟೇಬಲ್ ಮ್ಯಾಲೆ ಇಡೋದು ತಂದು ಹಾಕಿದಾನೆ. ಮೀಸೆ ತೆಗೀಲೇ!" ಎಂದರು ಭಾವ.

ಮುಂದಿದ್ದ ಹುಲ್ಲಿನ ಟ್ರಾಕ್ಟರಿಗೇ ಹಗ್ಗ ಕಟ್ಟಿಸಿಕೊಂಡು ಜಗಳೂರು ಸೇರಿದೆವು. ಮುಹೂರ್ತ ಮೀರಿತ್ತು. ಹೆಣ್ಣಿನವರು ದೊಡ್ಡ ಮನಸ್ಸು ಮಾಡಿ ಶಾಸ್ತ್ರ ನಡೆಸಿದರು. ಆದರೆ ಯಾಕೆ ತಡ ಎಂದು ಕೇಳಿದವರಿಗೆಲ್ಲ ನಮ್ಮವರು ಕೊಟ್ರೇಶಿಯನ್ನು ತೋರಿಸಿದರು. ನಾನೂ ತೋರಿಸಿದೆ.

ಮದುವೆಗೆ ಅವನು ಮೀಸೆ ಬೋಳಿಸಿಕೊಂಡು ಬಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ —

ನನ್ನ ಜೀಪಿಗೆ ಅವನೇ ಮೊದಲಿನ ಫ್ಯಾನನ್ನು ಮತ್ತೆ ಕೂರಿಸಿಕೊಟ್ಟ. ಆಮೇಲೆ ಚನ್ನಗಿರಿ, ಸವಳಂಗದ ಕಡೆಯಿಂದ ಇಂಥದ್ದೇ ಫ್ಯಾನು ಹಾಕಿಸಲು ಹಳೇ ಗಾಡಿ ತಂದವರನ್ನು ವಾಪಸ್ ಕಳಿಸತೊಡಗಿದ. "ನಂಗೆ ಅದು ಸರಿಯಾಗಿ ಬರಲ್ರೀ, ಬ್ಯಾರೆ ಕಡೆ ಹೋಗ್ರಿ" ಎನ್ನುವುದನ್ನು ನಾನೇ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದ್ದೇನೆ. ಈಗ ಹಾರ್ನು, ಬಲ್ಬು — ಅಷ್ಟೇ ಅವನ ಕೆಲಸ. ಅವನ ಕೈ ಮೇಲೆ ಅವನಿಗಿದ್ದ ನಂಬಿಕೆಯನ್ನು ನಾನು ತೆಗೆದುಬಿಟ್ಟೆ.

ಹೇಳಬೇಕೆಂದು ಹೋದಾಗಲೆಲ್ಲ ಬಾಯಿಗೆ ಬಂದದ್ದು ಇನ್ಯಾವುದೋ ಕಥೆ. ಥೂ, ಎಂಥ ಬಾಯಿ ಇದು! ಬೇಡದ್ದಕ್ಕೆ ನೂರು ಮಾತು, ಬೇಕಾದ್ದಕ್ಕೆ ಒಂದೂ ಇಲ್ಲ. ಕೆಲವೊಮ್ಮೆ ಅವನ ಮೇಲೂ ಸಿಟ್ಟು ಬರುತ್ತಿತ್ತು — ಸ್ವಿಚ್ ಮುಟ್ಟಿದ್ರಾ ಮಾವ ಎಂದು ಒಂದು ಸಲ ಕೇಳಬಾರದಿತ್ತೇ? ಕೇಳಲಿಲ್ಲ. ನನ್ನನ್ನು ನಂಬಿದ್ದ.

ಮೊನ್ನೆ ಜಗಳೂರಿನಲ್ಲಿ ಅದೇ ಹೆಣ್ಣಿನವರ ಮನೆಯಲ್ಲಿ ಗಿರಿಜಕ್ಕನ ಮೊಮ್ಮಗಳ ನಾಮಕರಣ. ಊಟಕ್ಕೆ ಕೂತಾಗ ಭಾವ, "ಪಾಯಸ ಬಿಸಿ ಐತೇನ್ರಿ? ಕೊಟ್ರೇಶಿ ಕೈಗೆ ಮಾತ್ರ ಆರ್ಸಾಕೆ ಕೊಡಬ್ಯಾಡ್ರಿ" ಎಂದರು. ಸಾಲಿಗೆ ಸಾಲೇ ನಕ್ಕಿತು. ಕೊಟ್ರೇಶಿಯೂ ನಕ್ಕ. ಅವನ ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತೆ. ಕಥೆ ಬಂತೆಂದು ಎಲ್ಲರೂ ತಿರುಗಿದರು. ಸ್ವಿಚ್ ಆರಿಸಿದ್ದು, ಮರೆತದ್ದು, ಮತ್ತೆ ಹಾಕಿ ಸುಳ್ಳು ಹೇಳಿದ್ದು — ಎಲ್ಲ ಹೇಳಿದೆ.

ಯಾರೂ ನಗಲಿಲ್ಲ. ಕೊಟ್ರೇಶಿ ಎಲೆ ಮಡಚಿ ಎದ್ದು, ಕೈ ತೊಳೆದು ನನ್ನೆದುರು ಬಂದು ನಿಂತ.

"ನಿಮ್ ಹಿಂದ್ಗಡೇನೇ ಕೂತಿದ್ನಲ್ಲ ಮಾವ, ಆಗ್ಲೇ ಒಂದ್ ಮಾತು ಹೇಳ್ಬಹುದಿತ್ತು" ಎಂದ.

ಹೌದು ಎಂದೆ.

ಬೆಳಿಗ್ಗೆ ಅವನು ನನ್ನ ಜೀಪಿನಲ್ಲೇ ಬಂದಿದ್ದ. ಸಂಜೆ ಬಸ್ ನಿಲ್ದಾಣಕ್ಕೆ ನಡೆದುಹೋಗಿ ದಾವಣಗೆರೆ ಬಸ್ ಹತ್ತಿದ.