ಹೊರಗಿನವರು ಬರುವಂತಿಲ್ಲ

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳನ್ನು ತಿದ್ದಿ ತಿದ್ದಿಯೇ ನನ್ನ ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ. ಪಾಠದಿಂದ ಒಂದು ವಾಕ್ಯ ಕಿತ್ತು ಕೊಡುತ್ತೇವೆ. ಅದನ್ನು ಯಾರು, ಯಾರಿಗೆ, ಯಾವಾಗ, ಯಾಕೆ ಹೇಳಿದರು ಎಂದು ಬರೆಯಬೇಕು. ಸಂದರ್ಭ ಬಿಟ್ಟು ಸ್ವಾರಸ್ಯವನ್ನೇ ಉದ್ದುದ್ದ ಎಳೆದವರಿಗೆ ಅಂಕ ಕತ್ತರಿಸುವುದರಲ್ಲಿ ನಾನು ಜಿಪುಣಿ. ಮಾತು ಗಾಳಿಯಲ್ಲಿ ಹುಟ್ಟುವುದಿಲ್ಲ, ಒಂದು ಮನೆಯಲ್ಲಿ ಒಬ್ಬರ ಬಾಯಲ್ಲಿ ಹುಟ್ಟುತ್ತದೆ ಎಂದು ರಾಮನಗರದ ನಮ್ಮ ಶಾಲೆಯ ತಗಡಿನ ಕೊಠಡಿಯಲ್ಲಿ ಗಂಟಲು ಹರಿದುಕೊಂಡಿದ್ದೇನೆ.

ಆ ಪಾಠ ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ ಎಂದು ಗೊತ್ತಾದದ್ದು ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ.

ತಂಗಿಗೆ ಇದು ಎರಡನೆಯ ಮದುವೆ. ಮೊದಲನೆಯದು ಕೋರ್ಟಿನಲ್ಲಿ ಮುಗಿದು ವರ್ಷಗಳಾಗಿದ್ದವು. ಅವಳು ನಮ್ಮ ಜೊತೆಗೇ ಇದ್ದು, ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಬಿಡದಿಗೆ ಹೋಗುತ್ತಿದ್ದಳು. ಅಲ್ಲಿ ಕಾರಿಗೆ ಹಾಕುವ ವೈರುಗಳನ್ನು ಜೋಡಿಸುವ ಕೆಲಸ. ಮದುವೆಯ ಸುದ್ದಿ ಎತ್ತಿದರೆ, 'ಬುಡಕ್ಕ, ಇರೋದ್ರಲ್ಲೇ ಸುಖವಾಗಿದೀನಿ' ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಒಮ್ಮೆ ಒಂದು ಕಡೆ ಒಪ್ಪಿಯೂ ಇದ್ದಳು. ಆ ಮನೆಯವರು ಹಳೆಯ ಮದುವೆಯ ವಿಷಯ ತಿಳಿದ ಮೇಲೆ, 'ಆಮೇಲೆ ಹೇಳ್ತೀವಿ' ಎಂದು ಹೋದವರು ಫೋನೂ ಎತ್ತಲಿಲ್ಲ. ಅವತ್ತಿನಿಂದ 'ಆಮೇಲೆ' ಎಂಬ ಮಾತು ಕೇಳಿದರೆ ನಮ್ಮ ಅವ್ವನ ಮುಖ ಇಳಿದುಹೋಗುತ್ತದೆ.

ಈ ಹೊಸ ಸಂಬಂಧ ತಂದದ್ದು ಸೋಲೂರಿನ ನಮ್ಮ ಸೋದರಮಾವ. ಹುಡುಗನದು ಕನಕಪುರದ ಕಡೆ ಹಳ್ಳಿ. ಹುಡುಗ ಎಂದರೆ ನಲವತ್ತರ ಆಸುಪಾಸು, ಹೆಂಡತಿ ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ ಇದ್ದರು. ತೆಂಗು, ರಾಗಿ, ಎರಡು ಹಸು, ಒಸಿ ರೇಷ್ಮೆ ಎಂದು ಮಾವ ಒಂದೇ ಉಸಿರಿನಲ್ಲಿ ಒಪ್ಪಿಸಿದ್ದರು. ತಂಗಿಯ ಹಳೆಯ ಮದುವೆಯ ವಿಷಯ ಅವರಿಗೂ ಮೊದಲೇ ತಿಳಿಸಿದ್ದರು. ಕಬ್ಬಾಳಿನ ಗುಡಿಯಲ್ಲಿ ಎಲ್ಲರೂ ಸೇರಿ ನೋಡಿಕೊಂಡೆವು. ಆತ ಹೆಚ್ಚು ಮಾತಾಡಲಿಲ್ಲ. ತಂಗಿಯ ಕೈಲಿದ್ದ ತೆಂಗಿನಕಾಯಿ ಚೀಲ ತಾನು ಇಸಿದುಕೊಂಡು, 'ನಿಮ್ಮ ಬಸ್ಸು ಎಷ್ಟೊತ್ತಿಗೆ ಬಿಡ್ತದೆ ಬೆಳಗ್ಗೆ?' ಎಂದು ಕೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಸುಮ್ಮಸುಮ್ಮನೆ ನಗುತ್ತಿದ್ದಳು. ನಾನು ನೋಡದವಳಂತೆ ಕೂತಿದ್ದೆ. ಹಾಳಾದ ದೃಷ್ಟಿ, ನನ್ನದೇ ತಾಕೀತು ಎಂದು ಭಯ.

ಮುಂದಿನದು ಮನೆ ನೋಡುವ ಶಾಸ್ತ್ರ. ಭಾನುವಾರ ಅವರ ಮನೆಗೆ ಹೋಗುವುದು, ಹುಡುಗಿಯೂ ಬರಲಿ ಎಂದು ಅವರೇ ಅಂದಿದ್ದರು. ತಂಗಿ ಪಾಳಿ ಬದಲಿಸಿಕೊಂಡಳು. ಅವ್ವ ಚಕ್ಕುಲಿ ಕರಿಯಲು ಹಿಟ್ಟು ಬೀಸಿಸಿ ತಂದಳು. ಗುರುವಾರ ಶಾಲೆಯಿಂದ ಬಂದು ಬ್ಯಾಗು ಇಳಿಸುತ್ತಿದ್ದ ಹಾಗೆ ಮಾವನ ಮೆಸೇಜು: 'ಭಾನುವಾರ ಹೋಗೋದು ಕ್ಯಾನ್ಸಲ್. ಹುಡುಗನ ತಾಯಿ ಬೇಡ ಅಂದ್ರು. ಹೊರಗಿನವರು ಬರುವಂತಿಲ್ಲವಂತೆ.'

ನನ್ನ ಮೈ ಉರಿದುಹೋಯಿತು. ಹೊರಗಿನವರಂತೆ! ಗುಡಿಯಲ್ಲಿ ನಮ್ಮ ಅವ್ವನ ಕೈ ಹಿಡಿದು 'ನಮ್ಮನೆ ಬೇರೆಯಲ್ಲ ನಿಮ್ಮನೆ ಬೇರೆಯಲ್ಲ' ಎಂದಿದ್ದವರು ಇದೇ ಹೆಂಗಸು. ಮಾವನಿಗೆ ಫೋನು ಮಾಡಿ ಕೂಗಾಡಿದೆ.

'ನನ್ಮೇಲ್ ಯಾಕವ್ವ ರೇಗ್ತೀಯ? ಅವರು ಕಳಿಸಿರೋ ವಾಯ್ಸೇ ಐತೆ, ಕಳುಸ್ತೀನಿ, ನೀನೇ ಕೇಳ್ಕೊ' ಎಂದರು ಮಾವ.

ಕೇಳಿಸಿಕೊಂಡೆವು. ನಾನು, ಅವ್ವ, ಆಗ ತಾನೇ ಬಸ್ಸಿಳಿದು ಬಂದಿದ್ದ ತಂಗಿ. 'ನೋಡ್ರಪ್ಪ, ಭಾನುವಾರ ಯಾರೂ ಬರಬ್ಯಾಡಿ. ಈಗ ನಮ್ಮನೆಗೆ ಹೊರಗಿನೋರು ಕಾಲಿಡಂಗಿಲ್ಲ. ಯಾಕೆ ಏನು ಅಂತ ಕೇಳಬ್ಯಾಡಿ. ಮಾತುಕತೆ ಎಲ್ಲ ಆಮ್ಯಾಕೆ ನೋಡ್ಕಳನ.' ದನಿಯಲ್ಲಿ ಬೆಲ್ಲವೂ ಇಲ್ಲ, ಬೇವೂ ಇಲ್ಲ, ಅವಸರ ಮಾತ್ರ. ಮಾತು ಮುಗಿದದ್ದೇ ನಾನು ಫೋನು ಆರಿಸಿ ಕುಕ್ಕಿದೆ. ಅವ್ವನಿಗೆ ಕಿವಿ ಮಂದ. ಆದರೂ ಆ 'ಆಮ್ಯಾಕೆ' ಹೇಗೆ ಬಿತ್ತೋ, ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರುಮಾಡಿದಳು. 'ಯಾರೋ ಹಳೇದಕ್ಕೆ ಇಲ್ಲದ್ದೆಲ್ಲ ಸೇರ್ಸಿ ಊದವ್ರೆ ಕಣೆ. ಇದೂ ಹೋಯ್ತು' ಎಂದಳು. ತಂಗಿ ಕಂಪನಿಯ ನೀಲಿ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, 'ಭಾನುವಾರದ ಪಾಳಿ ಮತ್ತೆ ಹಾಕಸ್ಕೋತೀನಿ' ಎಂದು ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರಿನ ಸದ್ದು ಬರುತ್ತಲೇ ಇತ್ತು.

ಆ ಸದ್ದು ನನ್ನಿಂದ ಕೇಳಲಾಗಲಿಲ್ಲ. ನನಗೆ ಸಂಕಟವಾದರೆ ಬಾಯಿ ಜೋರಾಗುತ್ತದೆ, ಏನು ಮಾಡಲಿ! ಆ ತಾಯಿಗೆ ಕಳಿಸಲು ಒಂದು ಮೆಸೇಜು ಬರೆದೆ. ನಮ್ಮ ಹುಡುಗಿ ಬೀದಿಗೆ ಬಿದ್ದಿಲ್ಲ, ತನ್ನ ಅನ್ನ ತಾನು ದುಡಿದು ತಿನ್ನುತ್ತಾಳೆ, ಮನಸ್ಸಿಲ್ಲದಿದ್ದರೆ ಗುಡಿಯಲ್ಲೇ ಹೇಳಬೇಕಿತ್ತು ಎಂದೆಲ್ಲ. ಬರೆದು, ಅಲ್ಪಪ್ರಾಣ ಮಹಾಪ್ರಾಣ ಸರಿಯಿವೆಯೇ ಎಂದೂ ನೋಡಿದೆ, ಅಭ್ಯಾಸಬಲ. ಇನ್ನು ಕಳಿಸುವುದೊಂದು ಬಾಕಿ. ಆದರೆ ಜಗಳಕ್ಕೆ ಹೋಗುವವಳು ಅವರ ಮಾತನ್ನು ಅಕ್ಷರಶಃ ಎತ್ತಿ ಆಡಬೇಕಲ್ಲ? 'ಕಾಲಿಡಂಗಿಲ್ಲ' ಅಂದರೋ, 'ಬರಂಗಿಲ್ಲ' ಅಂದರೋ? ಇನ್ನೊಮ್ಮೆ ಕೇಳೋಣ ಎಂದು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ವಾಯ್ಸು ಹಾಕಿದೆ. ಒಲೆಯ ಮೇಲೆ ಮುದ್ದೆಗೆ ಇಟ್ಟ ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿ ಆಗಿತ್ತು.

ಮುದ್ದೆ ತೊಳಸುವಾಗ ಕೋಲು ಬಿಡುವ ಹಾಗಿಲ್ಲ, ಬಿಟ್ಟರೆ ಗಂಟು. ಹಾಗಾಗಿ ಆಕೆಯ ಮಾತು ಮುಗಿದರೂ ನಾನು ಫೋನು ಆರಿಸಲಿಲ್ಲ. ವಾಯ್ಸು ಓಡುತ್ತಲೇ ಇತ್ತು. ಆಯಮ್ಮ ಮಾತು ಮುಗಿಸಿದ ಮೇಲೆ ಫೋನಿನ ಬಟನ್ನಿನಿಂದ ಬೆರಳು ತೆಗೆಯುವುದು ಮರೆತಿದ್ದರು. ನಾವು ಮೂವರೂ ಮಾತು ನಿಂತಲ್ಲಿಗೇ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದೆವು.

ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ತಂಗಿ ತಲೆಯೆತ್ತಿದಳು. 'ಅಲ್ಲಿ ಮಳೆ ಬತ್ತಾಯ್ತೇನೋ' ಎಂದಳು.

ನಿಜ, ಸೋನೆ ಮಳೆ ಹೆಂಚಿನ ಮೇಲೆ ಬೀಳುವ ಹಾಗೆ ಸಣ್ಣಗೆ, ಒಂದೇ ಸಮನೆ ಸದ್ದು. ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಎಲ್ಲಿಯ ಮಳೆ? ಅಷ್ಟರಲ್ಲಿ ಅತ್ತ ಮುಖ ತಿರುಗಿಸಿದಂತೆ ಅದೇ ತಾಯಿಯ ಕೂಗು, ಈ ಸಲ ನಮಗಲ್ಲ: 'ಲೇ, ಬಲೆ ಬಾಗ್ಲು ಹಾಕ್ಲಾ, ನೊಣ ಬತ್ತವೆ!' ಅಲ್ಲಿಗೆ ವಾಯ್ಸು ಮುಗಿಯಿತು.

ನನ್ನ ಕೈಯಲ್ಲಿ ಕೋಲು ನಿಂತುಹೋಯಿತು. ಗಂಟಾದರೆ ಆಗಲಿ. ಆ ಸದ್ದು ಮಳೆಯದಲ್ಲ, ಹುಳುಗಳು ಸೊಪ್ಪು ಮೇಯುವ ಸದ್ದು. ಕೊನೆಯ ಜ್ವರ ಎದ್ದ, ಎಂದರೆ ಕೊನೆಯ ಸಲ ಪೊರೆ ಬಿಟ್ಟ ರೇಷ್ಮೆ ಹುಳುಗಳು, ತಟ್ಟೆ ತಟ್ಟೆ ತುಂಬ, ಎಲ್ಲವೂ ಒಟ್ಟಿಗೆ ಹಿಪ್ಪುನೇರಳೆ ಎಲೆ ಕತ್ತರಿಸುವ ಸದ್ದು. ನಾವು ಹಳ್ಳಿಯಲ್ಲಿದ್ದಾಗ ನಮ್ಮದೂ ಹುಳದ ಮನೆಯೇ. ನಾನು ಮಲಗುತ್ತಿದ್ದದ್ದೇ ಆ ತಟ್ಟೆಗಳನ್ನು ಜೋಡಿಸಿದ ಅಡ್ಡೆಯ ಪಕ್ಕದಲ್ಲಿ. ಆಗ ತಂಗಿ ಕಂಕುಳ ಕೂಸು, ಅವಳಿಗೆ ನೆನಪಿಲ್ಲ.

ನೆನಪು ನುಗ್ಗಿ ಬಂತು. ಹುಳ ದೊಡ್ಡವಾದ ಆ ವಾರ ನಮ್ಮ ಮನೆಗೂ ಹೊರಗಿನವರು ಕಾಲಿಡುವಂತಿರಲಿಲ್ಲ. ಅವರ ಕಾಲಲ್ಲಿ ರೋಗ ಬಂದರೆ ಬೆಳೆಗೆ ಬೆಳೆಯೇ ಹೋಯಿತು. ಬಾಗಿಲಿಗೆ ಅಡ್ಡಲಾಗಿ ಸುಣ್ಣದ ಪುಡಿ ಎರಚಿರುತ್ತಿತ್ತು, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ ನುಗ್ಗದಂತೆ ಬಲೆ ಕಟ್ಟಿರುತ್ತಿತ್ತು. ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಅಪ್ಪನ ಒಡಹುಟ್ಟಿದ ಅಕ್ಕ ಬಂದರೂ ಜಗಲಿಯಲ್ಲೇ ಕೂತು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು, ಒಂದು ಚೂರೂ ಬೇಸರವಿಲ್ಲದೆ. ಊರಿನಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಹುಳ ಚೆನ್ನಾಗಿವೆ ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ. ಹೇಗಿವೆ ಎಂದರೆ, 'ಏನೋ ಅವೆ' ಎನ್ನಬೇಕು, ಅಷ್ಟೇ.

ಅವ್ವನ ಒಳ್ಳೆಯ ಕಿವಿಗೆ ಫೋನು ಹಿಡಿದೆ. ಕೊನೆಯ ಭಾಗ ಕೇಳಿದವಳೇ ಹಣೆ ಚಚ್ಚಿಕೊಂಡಳು. 'ಥೂ, ನನ್ ಬುದ್ಧಿಗಿಷ್ಟು ಬೆಂಕಿ ಹಾಕ! ಹುಳ ಸಾಕಿದ್ ಕೈ ಕಣೆ ಇದು, ಹೊಳೀಲಿಲ್ವಲ್ಲ!' ಎಂದು ನಗಲು ಶುರುಮಾಡಿದಳು. ಕಣ್ಣೀರು ಇನ್ನೂ ಆರಿರಲಿಲ್ಲ.

ಹೊಳೆಯದೆ ಇದ್ದದ್ದು ಯಾಕೆ ಎಂದು ನನಗೆ ಗೊತ್ತು. ಒಸಿ ರೇಷ್ಮೆ ಎಂದು ಮಾವ ಹೇಳಿದ್ದರು, ನಾವು ಕೇಳಿಯೂ ಇದ್ದೆವು. ಆದರೆ ಆಕೆಯ ಮಾತಿಗೆ ಆಕೆಯ ಮನೆಯ ಸಂದರ್ಭ ಹಚ್ಚುವ ಬದಲು ನಮ್ಮ ಮನೆಯ ಭಯ ಹಚ್ಚಿದ್ದೆವು. ಮಾವನ ಮೆಸೇಜಿನಲ್ಲಿ ಅಕ್ಷರ ಮಾತ್ರ ಇತ್ತು. ದನಿ ಬಂದಾಗ ಅವಸರ ಕೇಳಿತು. ದನಿಯ ಹಿಂದಿನ ಸದ್ದು ಬಂದಾಗ ಆ ಮನೆ ಕಂಡಿತು.

ತಂಗಿ ಮಾತ್ರ ನಗಲಿಲ್ಲ. 'ಹುಳ ಇರಬೋದಕ್ಕ. ಬ್ಯಾಡ ಅನ್ನಕ್ಕೆ ಅದೊಂದು ನೆಪಾನೂ ಆಗಿರಬೋದಲ್ಲ' ಎಂದಳು. ಅವಳೇ ನನ್ನ ಫೋನು ತೆಗೆದುಕೊಂಡು, ನಾನು ಬರೆದಿಟ್ಟಿದ್ದ ಆ ಮೆಸೇಜನ್ನು ಪೂರ್ತಿ ಓದಿ, ಅಳಿಸಿದಳು. 'ಚೆನ್ನಾಗ್ ಬರ್ದಿದ್ದೆ' ಎಂದಳು. ಫೋನು ಮಾಡಿ ಕೇಳೋಣವೇ ಎಂದರೆ ಸುತರಾಂ ಒಪ್ಪಲಿಲ್ಲ. ಅವರಾಗಿ ಬಂದರೆ ಬರಲಿ, ತಾನು ಇನ್ನೊಂದು ಸಲ ಕೇಳಿಕೊಂಡು ಹೋಗುವವಳಲ್ಲ ಎಂದಳು.

ಆ ಭಾನುವಾರ ಚಕ್ಕುಲಿ ಕರಿಯಲಿಲ್ಲ. ಅದರ ಮುಂದಿನ ಭಾನುವಾರವೂ ಯಾವ ಸುದ್ದಿಯೂ ಬರಲಿಲ್ಲ. ಹುಳ ಹಣ್ಣಾಗಬೇಕು, ಗೂಡು ಕಟ್ಟಬೇಕು, ಬಿಡಿಸಬೇಕು, ಮಾರ್ಕೆಟ್ಟಿಗೆ ತರಬೇಕು ಎಂದು ಅವ್ವ ಬೆರಳು ಮಡಚುತ್ತಾ ಕೂತಿರುತ್ತಿದ್ದಳು. ತಂಗಿ ಬಸ್ಸು ಹತ್ತಿ ಹೋಗುತ್ತಿದ್ದಳು, ಬರುತ್ತಿದ್ದಳು. ನಾನು ತರಗತಿಯಲ್ಲಿ ಕಾರಣವಿಲ್ಲದೆ ಮಕ್ಕಳ ಮೇಲೆ ಹರಿಹಾಯುತ್ತಿದ್ದೆ.

ಒಂದು ಮಧ್ಯಾಹ್ನ ರಜೆಯಿದ್ದು ಎಲ್ಲರೂ ಮನೆಯಲ್ಲಿದ್ದಾಗ ಬಾಗಿಲಲ್ಲಿ ಚಪ್ಪಲಿಯ ಸದ್ದು. ತಾಯಿ ಮಗ ಇಬ್ಬರೂ ಬಂದಿದ್ದರು. ನಮ್ಮೂರಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಮಾರಿ ನೇರ ಬಂದವರು. ತಾಯಿಯ ಸೆರಗಿನ ತುಂಬ ಗೂಡಿನ ಬಿಳಿ ನಾರು ಅಂಟಿತ್ತು. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಬಾಳೆಹಣ್ಣಿನ ಚಿಪ್ಪು. ಅವ್ವ ಎದ್ದು ನಿಂತವಳು ಏನು ಮಾಡಬೇಕೆಂದು ತೋಚದೆ ಮತ್ತೆ ಕೂತಳು. ನನಗೋ, ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

'ಯಾಕೆ ಅಂತ ಒಂದು ಮಾತು ಹೇಳಬಾರದಿತ್ತಾ ಅಮ್ಮ? ನಾವಿಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿದ್ವಿ' ಎಂದೆ.

ಆಯಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. 'ಅದ್ನೇನವ್ವ ಹೇಳದು? ಬಾಗ್ಲಿಗೆ ಸುಣ್ಣ ಹಾಕಿರದು ಕಾಣಕ್ಕಿಲ್ವಾ?' ಎಂದರು.

'ಫೋನಲ್ಲಿ ಸುಣ್ಣ ಎಲ್ಲಿ ಕಾಣ್ತದವ್ವ?' ಎಂದು ಮಗ ಮೊದಲ ಸಲ ಜೋರಾಗಿ ನಕ್ಕ. ಅವ್ವನೂ ನಕ್ಕಳು. ಕೊನೆಗೆ ನನಗೂ ತಡೆಯಲಾಗಲಿಲ್ಲ.

ತಂಗಿ ಕಾಫಿ ತಂದಳು. ಮುಖ ಬಿಗಿಯಾಗಿಯೇ ಇತ್ತು. ಆಯಮ್ಮ ಲೋಟ ತೆಗೆದುಕೊಳ್ಳದೆ ಅವಳನ್ನೇ ನೋಡಿದರು. 'ನೀನೇನಾದ್ರೂ ತಪ್ಪು ತಿಳ್ಕಂಡಾ ಮಗ? ನನ್ ಹೆತ್ ಮಗಳು ಬಂದ್ರೂ ಅವಾಗ ಜಗಲಿಯಿಂದೊಳಕ್ಕೆ ಬುಡಕ್ಕಿಲ್ಲ ನಾನು. ಅವಳಿಗೆ ಅಭ್ಯಾಸ, ಕುಂತು ಹೋಯ್ತಾಳೆ. ನೀನು ಮೊದಲ್ನೇ ಕಿತ ಬರೋಳು. ನಿನ್ನ ಬಾಗ್ಲಾಚೆ ನಿಲ್ಲಿಸ್ಲಾ ನಾನು? ಅದುಕ್ಕೇ ಬರಬ್ಯಾಡಿ ಅಂದೆ.'

ತಂಗಿ ತಿರುಗಿ ನನ್ನ ಕಡೆ ನೋಡಿದಳು. ಹಿಂದಿನ ಗಂಡನ ಮನೆಯಿಂದ ಅವಳನ್ನು ಕರೆತರಲು ಹೋದವಳು ನಾನೇ. ಸೂಟ್‌ಕೇಸಿನ ಮೇಲೆ ಕೂತಿದ್ದಳು, ಹಿಂದೆ ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಅದನ್ನು ನಾವಿಬ್ಬರೂ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ ಇಲ್ಲ. ಈ ಹೆಂಗಸಿಗಂತೂ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ತಂಗಿ ತಟ್ಟೆಯನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಅವಳ ಅಷ್ಟು ಗಟ್ಟಿ ದನಿ ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ, 'ಮುಂದಿನ ಬೆಳೆಗೆ ನಾನು ಒಳಗೇ ಇರ್ತೀನಲ್ಲ, ಬುಡಿ' ಎಂದಳು.

'ಇರ್ದೆ ಮತ್ತೆ!' ಎಂದರು ಆಯಮ್ಮ, ಲೋಟ ಎತ್ತಿಕೊಳ್ಳುತ್ತಾ. 'ಸೊಪ್ಪು ಹಾಕೋರ್ಯಾರು?'